ಸಕ್ಕರೆ ಕೇಳಲು ಹೋದವನಿಗೆ ಬೆಲ್ಲ

ಆರೋಗ್ಯ ಸಮೀಕ್ಷೆಗೆಂದು ಮನೆ ಮನೆ ಸುತ್ತುವವನು ನಗದೆ ವಾಪಸ್ ಬಂದ ದಿನವಿಲ್ಲ. ಮೊದಲೆಲ್ಲ ನಮ್ಮದು ಒಂದೇ ಪ್ರಶ್ನೆ: "ಜ್ವರ ಇದೆಯಾ?" ಸೊಳ್ಳೆ, ಉಣ್ಣಿ, ಬಾವಿ ನೀರು ಇವೇ ಆರೋಪಿಗಳು. ಈಗ ಸಾಂಕ್ರಾಮಿಕ ರೋಗಶಾಸ್ತ್ರ ಬೆಳೆದುಬಿಟ್ಟಿದೆ. ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ಮನೆಯ ಯಜಮಾನನನ್ನೇ ಕಟಕಟೆ ಹತ್ತಿಸುತ್ತೇವೆ.

ಈ ಸಲ ನನಗೂ ಒಂದು ಗಂಡಾಂತರವಿತ್ತು. "ನಿಮ್ಮ ಶುಗರ್ ಅಂಚಿನಲ್ಲಿದೆ. ಸಮೀಕ್ಷೆ ಮುಗಿಯುವಷ್ಟರಲ್ಲಿ ಇಳಿಯದಿದ್ದರೆ ಮಾತ್ರೆ ಶುರು," ಎಂದಿದ್ದರು ನಮ್ಮ ಡಾಕ್ಟರ್ ಮೇಡಂ. ಊರಿಗೆಲ್ಲ ಮಾತ್ರೆ ನುಂಗಿಸುವ ನನಗೆ ಮಾತ್ರೆ ಕಂಡರೆ ಓಡಿಹೋಗುವಷ್ಟು ಭಯ.

ಸಿದ್ದಾಪುರದ ಉಪ್ಪು

"ಉಪ್ಪು ಕಡಿಮೆ ಮಾಡಿದ್ದೀರಾ?" ಎಂದು ಒಬ್ಬ ಗೃಹಿಣಿಯನ್ನು ಕೇಳಿದೆ.

"ಅಡುಗೆಗೆ ಪೂರಾ ಕಮ್ಮಿ ಮಾಡಿದ್ದಿ. ಸಪ್ಪೆ ಆತು ಹೇಳಿ ಮನೆಯವು ಊಟಕ್ಕೆ ಎರಡು ಅಪ್ಪೆಮಿಡಿ ಉಪ್ಪಿನಕಾಯಿ ಹೆಚ್ಚು ಹಾಕ್ಯತ್ತ, ಅಷ್ಟೇಯ."

ಯಲ್ಲಾಪುರದ ವ್ಯಾಯಾಮ

ಲಾರಿ ಓಡಿಸುವವರೊಬ್ಬರನ್ನು ನಡಿಗೆಯ ಬಗ್ಗೆ ಕೇಳಿದೆ.

"ಅರಬೈಲ್ ಘಟ್ಟದಾಗ ಗಾಡಿ ಕೆಟ್ರೆ ನಡೀತೀನ್ರಿ. ಅಲ್ಲಾನ ದಯೆ, ಈ ವರ್ಷ ಒಂದೂ ವ್ಯಾಯಾಮ ಆಗಿಲ್ರಿ!"

ಶಿರಸಿಯ ಕಷಾಯ

"ಆಸ್ರಿಗೆ ಎಂತ ಅಡ್ಡಿಲ್ಲೆ?" ವಾನಳ್ಳಿ ಕಡೆ, ಕುಡಿಯಲು ಏನು ಎಂಬ ಈ ಪ್ರಶ್ನೆಗೆ ಉತ್ತರಿಸದವನಿಗೆ ಯಾವ ಉತ್ತರವೂ ಸಿಗುವುದಿಲ್ಲ. ಅಲ್ಲಿನ ಒಂದು ಮನೆಯಲ್ಲಿ ನಾನು ಏನೂ ಬೇಡವೆಂದೆ. ಆ ಮನೆಯ ಅಮ್ಮ ಮುಖ ಗಂಟು ಹಾಕಿಕೊಂಡು ನನ್ನ ಪ್ರಶ್ನೆಗಳಿಗೆಲ್ಲ "ಇಲ್ಲೆ" ಎನ್ನತೊಡಗಿದರು. ಊಟ ಮಾಡುತ್ತೀರಾ ಎಂದರೂ "ಇಲ್ಲೆ."

ಸೋತು, "ನನಗೆ ಶುಗರ್ ಅಮ್ಮಾ," ಎಂದೆ.

ಅವರ ಮುಖ ಅರಳಿತು. ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕಷಾಯ ತಂದರು. "ಹೆದರಡ ತಮ್ಮಾ, ಸಕ್ರೆ ಒಂಚೂರೂ ಹಾಕಿದ್ನಿಲ್ಲೆ. ಬರೀ ಬೆಲ್ಲ!"

ಕುಡಿದೆ. ಉತ್ತರಗಳು ಹರಿದುಬಂದವು. ನಾನು ಮುಂದಿನ ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ನನ್ನ ಶುಗರ್ ಸುದ್ದಿ ಮುಟ್ಟಿತ್ತು. ಯಾವ ಜ್ವರವೂ ಇಷ್ಟು ಬೇಗ ಹಬ್ಬಿದ್ದನ್ನು ನಾನು ಕಂಡಿಲ್ಲ. ಮನೆಮನೆಯಲ್ಲೂ ನನಗೆಂದೇ ಬೇರೆ ಬೇರೆ ಕಷಾಯ. ಕಹಿ ಹೆಚ್ಚಿದಷ್ಟೂ ಬೆಲ್ಲ ಹೆಚ್ಚು.

ಸಮೀಕ್ಷೆ ಮುಗಿಯಿತು. ಮೇಡಂ ನನ್ನ ರಕ್ತ ಪರೀಕ್ಷಿಸಿ ಹೌಹಾರಿದರು. "ಇದೇನ್ರೀ, ಇಷ್ಟು ಏರಿದೆ! ಜನರ ಅಭ್ಯಾಸ ತಿಳಿದು ಬನ್ನಿ ಅಂದರೆ ಕಲಿತು ಬಂದಿರಾ?" ಎಂದು ಮಾತ್ರೆ ಕೊಟ್ಟೇಬಿಟ್ಟರು.

ಕಣ್ಣು ಮುಚ್ಚಿ ಮೊದಲ ಮಾತ್ರೆ ನುಂಗುತ್ತಿದ್ದೆ. ಫೋನ್ ಬಂತು. ವಾನಳ್ಳಿಯ ಅದೇ ಅಮ್ಮ. ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು.

"ಮಾತ್ರೆ ಕೊಟ್ಟಿದ್ವಡ, ಹೌದನ ತಮ್ಮಾ? ಬಾಯಿ ಕಹಿ ಆಗ್ತು. ಮೇಲಿಂದ ಒಂದು ತುಂಡು ಬೆಲ್ಲ ಹಾಕ್ಯ!"