ಮೆಂತ್ಯದ ತಲೆಗಳು

ಮನೆಯ ಗೋಡೆ ತುಂಬ ತಲೆಗಳನ್ನು ನೇತುಹಾಕಿಕೊಂಡು ಸಂಸಾರ ಮಾಡಿದ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬೇರೆ ಯಾರೋ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ಒಡಹುಟ್ಟಿದ ತಂಗಿ!

ಎಮರ್ಜೆನ್ಸಿ ಮುಗಿದ ಹೊಸತು. ಗುಬ್ಬಿಯಿಂದ ದಿನಾ ಹತ್ತಿರದ ಸತ್ಯಮಂಗಲದ ಕಾರ್ಖಾನೆಗೆ ಹೋಗಿ ಬರುತ್ತಿದ್ದ ಅವಳ ಗಂಡನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತು ತೊದಲಿತು. ಜನ ನಕ್ಕಾರೆಂದು ಮಾತನ್ನೂ ನಿಲ್ಲಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ತುತ್ತು ಬಾಯಿಗಿಟ್ಟರೆ ಹಲ್ಲು ಕಚ್ಚುವನು; ಸಂದಿಯಲ್ಲಿ ಇಳಿದಷ್ಟೇ ಗಂಜಿ. ಹೀಗೇ ಉಪವಾಸ ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು.

ನಮ್ಮ ಕಡೆ ಹೆಂಗಸರು ಹಳೇ ಪೇಪರು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತುತ್ತಾರೆ. ಒಣಗಿದ ಮೇಲೆ ಎತ್ತಿದರೆ ಬುಟ್ಟಿ. ಇವಳೂ ಒಂದು ದಿನ ಬುಟ್ಟಿ ಮೆತ್ತಲು ಕೂತಳು. ಗಂಡನ ಬೆನ್ನು ನೋಡಿ ನೋಡಿ ಬೇಸತ್ತಿದ್ದಳೋ ಏನೋ, ಗಡಿಗೆಗೆ ಒಂದು ಮೂಗಿಟ್ಟಳು. ಆಮೇಲೆ ಕಿವಿ. ಹಾಗೇ ಗಡಿಗೆಯ ಕತ್ತಿನ ತನಕ ಮೆತ್ತಿಬಿಟ್ಟಳು! ಇನ್ನು ಗಡಿಗೆ ಕಳಚುವುದು ಹೇಗೆ? ಒಳಗೇ ಒಡೆದು ಚೂರು ತೆಗೆದಳು. ಅಂದಿನಿಂದ ಒಂದೊಂದು ತಲೆಗೆ ಒಂದೊಂದು ಗಡಿಗೆ ಬಲಿ!

"ನೀರು ಯಾತರಲ್ಲಿ ತರ್ತೀಯೇ?" ಅಂದೆ, ನೋಡಲು ಹೋದವಳು.

"ಬಕೀಟೈತಲ್ಲಕ್ಕ."

"ತಲೆಗಿಲೆ ಕೆಟ್ಟೈತೇನೇ ನಿಂಗೆ?"

"ಇದು ಮಾಡೋವಾಗ ಮಾತ್ರ ನೆಟ್ಟಗಿರ್ತೈತೆ ಕಣಕ್ಕ. ಸುಮ್ಕಿರು, ಕಣ್ಣು ಇಡ್ತಿದೀನಿ."

ಮೊದಲನೆಯದು ಪೋಸ್ಟ್‌ಮ್ಯಾನಿನ ತಲೆ. ಜಗುಲಿಯಲ್ಲಿ ಒಣಗಲು ಇಟ್ಟರೆ, ಪಕ್ಕದ ಮನೆಯ ಬೂಬಮ್ಮನ ಆಡು ಮೀಸೆಯಿಂದ ಶುರುಮಾಡಿ ಗದ್ದದವರೆಗೆ ತಿಂದಿತು! ಜಗಳಕ್ಕೆ ಬಂದವಳು ಬೂಬಮ್ಮನೇ. "ಏನ್ ಹಾಕಿದ್ಯೇ ತಾಯಿ ಅದಕ್ಕೆ? ನಮ್ ಆಡು ಈಗ ಸೊಪ್ಪೇ ಮುಟ್ತಿಲ್ಲ!"

ಆಡಿಗೆ ಸಿಗಬಾರದೆಂದು ತಲೆಗಳೆಲ್ಲ ಒಳಗಿನ ಗೋಡೆಗೇರಿದವು. ಯಾವ ಗೋಡೆ? ಗಂಡ ಮುಖ ಮಾಡಿದ್ದ ಗೋಡೆಯೇ! ಅವನು ಮಗ್ಗುಲು ಬದಲಿಸಿದ. ಆ ಕಡೆಯೂ ಮೊಳೆ ಹೊಡೆದಳು. ಕಣ್ಣು ಮುಚ್ಚಿದ.

"ಎಷ್ಟೊತ್ತು ಮುಚ್ಕಂಡಿರ್ತಾರೋ ನಾನೂ ನೋಡ್ತೀನಿ" ಎಂದು ಇನ್ನೊಂದು ಗಡಿಗೆ ಬೋರಲು ಹಾಕಿದಳು.

ಮತ್ತೊಮ್ಮೆ ನಾನು ನಮ್ಮೂರು ಕುಣಿಗಲ್‌ನಿಂದ ಹೋದಾಗ ಅವನು ಎಲುಬಿನ ಗೂಡಾಗಿದ್ದ. ಇವಳು ಹಾಸಿಗೆಯ ಪಕ್ಕದಲ್ಲೇ ಕೂತು ಮೂಗು ತೀಡುತ್ತಿದ್ದಳು. ಯಾರ ಮೂಗು? ನನ್ನದೇ!

"ಇಷ್ಟು ದಪ್ಪ ಐತೇನೇ ನನ್ ಮೂಗು? ಕಿತ್ತಾಕೇ!" ಎಂದು ಕೂಗಾಡಿದೆ.

ಹಾಸಿಗೆಯಿಂದ ತೊದಲು ದನಿ ಬಂತು. "ಇ... ಇನ್ನೂ ದಪ್ಪ."

ತಂಗಿ ಒಂದು ಉಂಡೆ ಹಿಟ್ಟು ತೆಗೆದು ಗಂಡನ ಎಡಗೈಗಿಟ್ಟಳು. "ಹಂಗಾರೆ ನೀವೇ ಮಾಡಿ."

ಅವನು ಏಳಲು ನೋಡಿದ. ನಾನು ಬೆನ್ನಿಗೆ ದಿಂಬು ಕೊಟ್ಟೆ. ಎಡಗೈಯಲ್ಲೇ ಒತ್ತಿ ಒತ್ತಿ ನನ್ನ ಮೂಗನ್ನು ಬದನೆಕಾಯಿ ಮಾಡಿಟ್ಟ. ನಾನು ದಿಂಬು ಜಾರದಂತೆ ಹಿಡಿದೇ ಕೂತಿದ್ದೆ.

ಮುಗಿಸಿದವನು ತೊದಲುತ್ತಲೇ, "ಹಸಿವಾಗ್ತೈತೆ" ಅಂದ.

ತಂಗಿ ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಬಂದು ಕಲಸಿದಳು. ಕಲಸಿದಳು, ಕಲಸಿದಳು, ತುತ್ತು ಎತ್ತುವುದನ್ನೇ ಮರೆತಳು. ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ಅವನು ತೊಳೆಯದ ಎಡಗೈ ಎತ್ತಿ ಅವಳ ಕೆನ್ನೆ ಒರೆಸಿದ. ಕೆನ್ನೆಯೆಲ್ಲ ಮೆಂತ್ಯದ ಹಿಟ್ಟು.