ಪರದೆಯಾಚೆಯ ಪ್ಲಗ್ಗು

ನಮ್ಮ ಬೀಗರು ಹೆಣ್ಣು ನೋಡಲು ಬಂದಿದ್ದರೆಂದು ಜನ ತಿಳಿದಿದ್ದಾರೆ. ತಪ್ಪು! ಅವರು ನೋಡಿದ್ದು ನಮ್ಮ ಮೀಟರ್ ಬೋರ್ಡನ್ನು. ನಿಟ್ಟುವಳ್ಳಿಯ ನಮ್ಮ ಪಡಸಾಲೆಯಲ್ಲಿ ಮಗಳು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದಾಳೆ, ಇವರು ಕತ್ತೆತ್ತಿ ಬಾಗಿಲ ಮೇಲೆ ನೋಡುತ್ತಲೇ ಇದ್ದಾರೆ. ಕೊನೆಗೆ, ವೈರಿಂಗ್ ಚಲೋ ಐತೆ ಅಂದರು. ಸಂಬಂಧ ಕುದುರಿತು.

ಹರಿಹರದ ಯಾವುದೋ ಕಾರ್ಖಾನೆಯಲ್ಲಿ ದುಡಿದು ಬಿಟ್ಟವರು. ಬೇರೆಯವರ ಜೇಬಿನಲ್ಲಿ ಪೆನ್ನು ಇದ್ದರೆ ಇವರ ಜೇಬಿನಲ್ಲಿ ಟೆಸ್ಟರು. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಹುಡುಗನ ತಂದೆ ಎಲ್ಲಿ ಎಂದು ಎಲ್ಲರೂ ಹುಡುಕಿದೆವು. ಅವರು ಮಂಟಪದ ಹಿಂದೆ, ಸೀರಿಯಲ್ ದೀಪದ ಸರದಲ್ಲಿ ಸುಟ್ಟ ಬಲ್ಬು ಯಾವುದೆಂದು ಹುಡುಕುತ್ತಿದ್ದರು. ಅಕ್ಷತೆಯನ್ನು ಮದುಮಕ್ಕಳ ಮೇಲೆ ಹಾಕಿದರೋ, ಬಲ್ಬಿನ ಮೇಲೆ ಹಾಕಿದರೋ!

ಈಗ ಕೇಳಿ, ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನೋಡಿದಷ್ಟೂ ಸಾಲದು, ಹೇಳಿದಷ್ಟೂ ಮುಗಿಯದು. ಆದರೆ ದಿನ ತುಂಬುವ ಮೊದಲೇ ಬಂದವಳು, ಹಿಡಿಯಷ್ಟು ಕೂಸು. ಬೆಚ್ಚಗಿಡದಿದ್ದರೆ ಕಷ್ಟ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿ ಕಳಿಸಿದ್ದರು. ಕೆಂಡ ಇಟ್ಟರೆ ಹೊಗೆಗೆ ಕೆಮ್ಮುತ್ತಿತ್ತು. ಅದಕ್ಕೇ ತೊಟ್ಟಿಲ ಪಕ್ಕ ದೊಡ್ಡ ಬಲ್ಬೊಂದನ್ನು ಉರಿಸಿದೆವು. ಬಾಣಂತಿ ಕೋಣೆಯ ಆ ಪ್ಲಗ್ಗೋ, ಸ್ವಲ್ಪ ಹೊತ್ತು ಉರಿಸಿ ಪಟ್ ಎಂದು ಫ್ಯೂಸು ಹಾರಿಸುತ್ತಿತ್ತು. ಮನೆಯೆಲ್ಲ ಕತ್ತಲು. ಕೂಸಿನ ಅಂಗಾಲು ತಣ್ಣಗಾಗುತ್ತಿದ್ದಂತೆ ನನ್ನ ಜೀವವೂ ತಣ್ಣಗಾಗುತ್ತಿತ್ತು.

ರಿಪೇರಿ ಮಾಡುವವರು ಯಾರು? ನಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಕರೆಂಟಿನವನೂ ಗಂಡಸೇ ಅಲ್ಲವೇ? ನನ್ನ ಯಜಮಾನರಂತೂ ಬಲ್ಬು ಬದಲಿಸಲೂ ಹೆದರುವ ಪೈಕಿ. ಸುದ್ದಿ ಹರಿಹರ ಮುಟ್ಟಿತು. ಬೀಗರು ಬಸ್ಸು ಹತ್ತಿ ಬಂದೇಬಿಟ್ಟರು.

ಅವರೂ ಒಳಗೆ ಹೋಗುವಂತಿಲ್ಲ. ಸಾಲದ್ದಕ್ಕೆ ಮಾವ. ಮದುವೆಯಾದಂದಿನಿಂದ ನನ್ನ ಮಗಳು ಅವರೊಡನೆ ಒಂದು ಮಾತೂ ಆಡಿದವಳಲ್ಲ. ಅವರು ಎದುರಾದರೆ ತಲೆ ಮೇಲೆ ಸೆರಗು ಹೊದ್ದು ಬಾಗಿಲ ಮರೆಗೆ ಸರಿಯುತ್ತಾಳೆ. ಅವರಿಗೂ ಸೊಸೆಗೆ ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುತ್ತಾರೆ. ಹೀಗಾಗಿ ಅವರು ಪಡಸಾಲೆಯ ಮೇನ್ ಸ್ವಿಚ್ಚಿನ ಹತ್ತಿರ, ಮಗಳು ಪರದೆಯ ಒಳಗೆ, ಕೂಸನ್ನು ಎತ್ತಿಕೊಂಡ ನಾನು ಹೊಸ್ತಿಲ ಮೇಲೆ. ಅವರು ಕೇಳಿದ್ದನ್ನು ನಾನು ಒಳಗೆ ಕೇಳಬೇಕು, ಅವಳು ಹೇಳಿದ್ದನ್ನು ಹೊರಗೆ ಹೇಳಬೇಕು. ಒಂದು ಬಟ್ಟೆಯಾಚೆಯ ಮಾತು ಅವರಿಗೆ ಕೇಳುತ್ತಿರಲಿಲ್ಲವೇ? ಕೇಳುತ್ತಿತ್ತು! ಆದರೂ ನಾನು ಹೇಳುವತನಕ ಕೇಳಿಸದವರಂತೆ ನಿಂತಿರುತ್ತಿದ್ದರು.

ಮೊದಲ ಸಲ ಬಂದಾಗ ತಪ್ಪೆಲ್ಲ ರೇಡಿಯೋದ್ದು ಅಂದರು. ರೇಡಿಯೋ ಅಟ್ಟ ಸೇರಿತು. ಮರುವಾರ ಇಸ್ತ್ರಿ ಪೆಟ್ಟಿಗೆಯದು ಅಂದರು. ಯಜಮಾನರು ಮುದುರಿದ ಅಂಗಿಯಲ್ಲೇ ಮಿಲ್ಲಿಗೆ ಹೋದರು. ಫ್ಯೂಸು ಮಾತ್ರ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಆ ಪ್ಲಗ್ಗು ಬಿಟ್ಟು ಪಡಸಾಲೆಯಿಂದ ಒಂದು ವೈರ್ ಎಳೆದುಬಿಡೋಣ ಎಂದೆ.

"ಬೀಗ್ತೇರೆ, ಜ್ವರ ಬಂದಾವನ್ನ ಬಿಟ್ಟು ಪಕ್ಕದಾವಂಗೆ ಗುಳಿಗಿ ಕೊಡ್ತೀರೇನು?" ಎಂದರು. ಬೀಗರಿಗೆ ಎದುರು ಮಾತುಂಟೇ?

ಮೂರನೆಯ ಸಲ ಬಂದಾಗ ಪ್ಲಗ್ಗನ್ನೇ ಬಿಚ್ಚಿಸಬೇಕೆಂದು ತೀರ್ಮಾನಿಸಿದರು. ಮೇನ್ ಆಫ್ ಮಾಡಿ, ಸ್ಕ್ರೂ ಡ್ರೈವರನ್ನು ನನ್ನ ಕೈಯಿಂದ ಒಳಗೆ ದಾಟಿಸಿದರು. ಮಗಳು ಮುಚ್ಚಳ ಬಿಚ್ಚಿದಳು, ಒಳಗೆ ಬಟ್ಟೆಯಿಂದ ಒರೆಸತೊಡಗಿದಳು. ಮುಚ್ಚಳ ಹಾಕಿದಳೇ ಕೇಳ್ರಿ ಅಂದರು ಬೀಗರು. ಅಷ್ಟರಲ್ಲಿ ಕೂಸು ನಿದ್ದೆಯಲ್ಲೇ ನಕ್ಕಿತು ನೋಡಿ, ನನಗೆ ಲೋಕವೇ ಮರೆತುಹೋಯಿತು. ಕಾದೂ ಕಾದೂ ಬೇಸತ್ತ ಬೀಗರು, ಹಾಕಿರಬೇಕು ಎಂದುಕೊಂಡು ಮೇನ್ ಸ್ವಿಚ್ಚಿಗೆ ಕೈ ಹಾಕಿದರು. ನಾನು ತಲೆ ಎತ್ತಿ ನೋಡುತ್ತೇನೆ, ಮಗಳ ಬೆರಳು ಇನ್ನೂ ಪ್ಲಗ್ಗಿನ ಒಳಗೇ ಇದೆ! ಕೂಗಬೇಕು! ಅಷ್ಟು ದಿನ ವಟವಟ ಎಂದ ಬಾಯಿಂದ ಆ ಹೊತ್ತಿಗೆ ಒಂದು ಸ್ವರ ಹೊರಡಲಿಲ್ಲ.

ಬೀಗರು ನನ್ನ ಮುಖ ನೋಡಿದರು. ಬೆಂಕಿ ತಗುಲಿದವರಂತೆ ಸ್ವಿಚ್ಚಿನಿಂದ ಕೈ ಕಿತ್ತುಕೊಂಡು ಪರದೆಯ ಕಡೆ ಕೂಗಿದರು:

"ತಾಯೀ, ಕೈ ತೆಗಿ!"

ಒಳಗೆ ಸ್ಕ್ರೂ ಡ್ರೈವರು ಬಿದ್ದ ಸದ್ದಾಯಿತು. ಆಮೇಲೆ ಸಣ್ಣ ದನಿ ಬಂತು. "ತೆಗ್ದೀನ್ರಿ, ಮಾವಾರೆ."

ಬೀಗರು ಸ್ಟೂಲಿನ ಮೇಲೆ ಕುಸಿದು ಕೂತರು. ಮಗಳೇ ಮತ್ತೆ ಮಾತೆತ್ತಿದಳು.

"ದಿನಾ ನಾನು ನೀರು ಎರಕೊಂಡ ಮ್ಯಾಲೇ ಫ್ಯೂಸ್ ಹೋಗ್ತೈತ್ರಿ. ಈ ಗೋಡಿ ಹಿಂದೇ ಬಚ್ಚಲ. ಪ್ಲಗ್ಗಿನ ಒಳಗೆಲ್ಲಾ ಹಸಿ ಐತೆ."

"ಮದ್ಲೇ ಗೊತ್ತಿತ್ತೇನು ತಾಯಿ?"

"ಗೊತ್ತಿತ್ರಿ."

"ಮತ್ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ದು ರೇಡಿಯೋದ್ದು, ಇಸ್ತ್ರಿ ಪೆಟ್ಟಿಗೀದು."

ಹೌದಲ್ಲ! ಬಾಣಂತಿಗೆ ಹಂಡೆಗಟ್ಟಲೆ ನೀರು ಸುರಿಯುತ್ತಿದ್ದವಳು ನಾನೇ, ನನಗೇ ಹೊಳೆದಿರಲಿಲ್ಲ. ಬೀಗರು ಆ ಪ್ಲಗ್ಗಿನ ವೈರನ್ನು ಪಡಸಾಲೆಯ ಕಡೆಯಿಂದಲೇ ಕಡಿದು, ಗೋಡೆ ಒಣಗಲಿ ಎಂದರು. ಪಡಸಾಲೆಯಿಂದ ಬೇರೆ ವೈರ್ ಎಳೆದು ಪರದೆಯ ಅಡಿಯಿಂದ ತಾವೇ ಒಳಗೆ ದೂಡಿದರು. ಬಲ್ಬು ಹತ್ತಿತು. ಕೂಸನ್ನು ತೊಟ್ಟಿಲಿಗೆ ಹಾಕಿದೆ. ಎಷ್ಟು ಹೊತ್ತು ಕಾದರೂ ಬಲ್ಬು ಆರಲಿಲ್ಲ.

ಕೆಲಸ ಮುಗಿದ ಕೂಡಲೇ ಬಸ್ಸಿಗೆ ಓಡುವ ಮನುಷ್ಯ ಅಂದು ಎದ್ದೇಳಲಿಲ್ಲ. ಸ್ಟೂಲನ್ನು ಪರದೆಯ ಹತ್ತಿರ ಎಳೆದುಕೊಂಡರು.

"ಕೂಸು ಚಲೋ ನಿದ್ದಿ ಮಾಡ್ತೈತೇನು?"

ರೂಢಿಯಂತೆ ಒಳಗೆ ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಹೇಳತೊಡಗಿದ್ದಳು. ಹಾಲು ಕುಡಿಯುವುದು, ಸೀನುವುದು, ಮುಷ್ಟಿ ಬಿಗಿಯುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಷ್ಟೊಂದು ಮಾತು ಅವಳೊಳಗೆ ಎಲ್ಲಿತ್ತೋ! ಕೊನೆಗೆ, "ಮೂಗು ಥೇಟ್ ನಿಮ್ಮದೇ ಐತ್ರಿ, ಮಾವಾರೆ" ಅಂದಳು.

ಬೀಗರು ಮೆಲ್ಲಗೆ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.