ಕ್ಲಿನಿಕ್ಕಿನ ಟೆಂಡರೂ ನನ್ನ ವರಾನ್ವೇಷಣೆಯೂ

ಕಾನ್ವೆಂಟಿನಲ್ಲಿ ಓದಿದ ಹೆಂಗಸರಿಗೆ ಒಂದು ಕಾಯಿಲೆ ಇರುತ್ತದೆ. 'ಯಾರಾದರೂ ವಾಲಂಟಿಯರ್ ಆಗ್ತೀರಾ?' ಎಂಬ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಬಲಗೈ ತಾನಾಗಿ ಮೇಲೇಳುತ್ತದೆ. ಮೈಸೂರಿನ ನಮ್ಮ ಸಿಸ್ಟರುಗಳು ಇದನ್ನು ಎಷ್ಟು ಗಟ್ಟಿಯಾಗಿ ರೂಢಿಸಿದ್ದರೆಂದರೆ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ತಲೆ ಬಾಚಿಕೊಳ್ಳುವುದಕ್ಕೂ ಮೇಲೇಳಲೊಲ್ಲದ ನನ್ನ ಭುಜ, ಈ ಒಂದು ಕೆಲಸಕ್ಕೆ ಮಾತ್ರ ನೋವನ್ನೆಲ್ಲ ಮರೆತು ಏಳುತ್ತದೆ. ಹೀಗೆ ಎದ್ದ ಕೈಯಿಂದಾಗಿ ನಾನು ಲೈಬ್ರರಿಯ ಪುಸ್ತಕಗಳಿಗೆ ರಟ್ಟು ಹಾಕಿದ್ದೇನೆ, ಬಾತುಕೋಳಿಗಳ ಗಣತಿ ಮಾಡಿದ್ದೇನೆ. ಆದರೆ ಕೊರೋನಾದ ಎರಡನೇ ಚಳಿಗಾಲದಲ್ಲಿ ಒಪ್ಪಿಕೊಂಡ ಕೆಲಸದಷ್ಟು ಎದೆಬಡಿತ ಯಾವ ಬಾತುಕೋಳಿಯೂ ತಂದಿರಲಿಲ್ಲ.

ನಾನಿರುವುದು ನೆದರ್ಲ್ಯಾಂಡ್ಸಿನ ಒಂದು ಸಣ್ಣ ಯೂನಿವರ್ಸಿಟಿ ಊರಿನಲ್ಲಿ. ನಮ್ಮ ಯಜಮಾನರು ಆಲೂಗಡ್ಡೆಯ ರೋಗಗಳ ಮೇಲೆ ರಿಸರ್ಚ್ ಮಾಡಲೆಂದು ಬಂದವರು. 'ಮುಂದಿನ ವರ್ಷ ವಾಪಸ್ ಹೋಗೋಣ ಕಣೇ' ಎಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತ ಹೇಳುತ್ತ ಕೊನೆಗೆ ಇಲ್ಲಿಂದಲೇ ಹೊರಟುಬಿಟ್ಟರು. ಆಲೂಗಡ್ಡೆಯ ರೋಗಗಳೂ ನಾನೂ ಉಳಿದುಕೊಂಡಿದ್ದೇವೆ. ಆ ಚಳಿಗಾಲದಲ್ಲಿ ಒಂದು ದಿನ ಖೆಮೇಂತೆಯಿಂದ, ಅಂದರೆ ನಮ್ಮೂರ ಮುನಿಸಿಪಾಲಿಟಿಯಿಂದ, ಮರೈಕೆ ಎಂಬ ಅಧಿಕಾರಿ ಫೋನ್ ಮಾಡಿದಳು. ಊರಿನಲ್ಲಿ ಲೈಂಗಿಕ ಆರೋಗ್ಯದ ಕ್ಲಿನಿಕ್ ನಡೆಸುವ ಕೆಲಸವನ್ನು ಇನ್ನು ಮುಂದೆ ಯಾರಿಗೆ ವಹಿಸಬೇಕೆಂದು ಟೆಂಡರ್ ಕರೆದಿದ್ದಾರಂತೆ. ಬಂದವರನ್ನು ಪ್ರಶ್ನೆ ಕೇಳಿ ಅಂಕ ಕೊಡಲು ಮೂವರು ನಾಗರಿಕರು ಬೇಕಂತೆ. ಒಬ್ಬ ರಿಟೈರ್ಡ್ ಮೇಷ್ಟರು, ಒಬ್ಬಳು ಡಚ್ ಕಾಲೇಜು ಹುಡುಗಿ ಸಿಕ್ಕಿದ್ದಾರೆ. 'ಬೇರೆ ಸಂಸ್ಕೃತಿಯ ಹಿರಿಯ ಮಹಿಳೆ' ಒಬ್ಬಳು ಕಡಿಮೆ. ಫೋನಿನಲ್ಲಿ ಕೈ ಎತ್ತಿದರೆ ಕಾಣುವುದಿಲ್ಲವಲ್ಲ, ಬಾಯಿಯೇ ಹೂಂ ಅಂದುಬಿಟ್ಟಿತು.

ಫೋನ್ ಇಟ್ಟ ಮೇಲೆ ಭಯ ಶುರುವಾಯಿತು. ಈ ವಿಷಯದಲ್ಲಿ ನನ್ನ ಎಜುಕೇಷನ್ ದಾಸವಾಳದವರೆಗೆ ಮಾತ್ರ. ಬಯಾಲಜಿ ಸಿಸ್ಟರ್ ಹೂವಿನ ಒಂದೊಂದು ಭಾಗವನ್ನೂ ಬಿಡಿಸಿ ತೋರಿಸಿ, 'ದಿ ರೆಸ್ಟ್, ಗರ್ಲ್ಸ್, ಈಸ್ ಸಿಮಿಲರ್' ಎಂದು ಪುಸ್ತಕ ಮುಚ್ಚಿದ್ದರು. ಅಷ್ಟೇನೂ ಸಿಮಿಲರ್ ಅಲ್ಲವೆಂದು ಮದುವೆಯಾದ ಮೇಲೆ ತಿಳಿಯಿತು. ಕನ್ನಡದಲ್ಲಿ ಆ ಮಾತುಗಳನ್ನು ನಾನು ಓದಿದ್ದು ರೈಲಿನ ಕಿಟಕಿಯಿಂದ, ಕಾಂಪೌಂಡು ಗೋಡೆಗಳ ಮೇಲೆ: 'ಗುಪ್ತರೋಗಗಳಿಗೆ ಸಂಪರ್ಕಿಸಿ'. ಅಮ್ಮ ತಕ್ಷಣ ಎದುರು ಬದಿಯ ಕಿಟಕಿ ತೋರಿಸಿ, 'ಅಲ್ನೋಡೇ, ನವಿಲು' ಎನ್ನುತ್ತಿದ್ದಳು. ಬೆಂಗಳೂರು ದಾರಿಯಲ್ಲಿ ನವಿಲು ಬಹಳ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಡಚ್ಚಿನಲ್ಲಾದರೆ ಇದೆಲ್ಲವನ್ನೂ ಬಸ್ಸಿನ ಟೈಮ್‌ಟೇಬಲ್ಲಿನ ಹಾಗೆ ಹೇಳಬಲ್ಲೆ. ಆ ಭಾಷೆಯಲ್ಲಿ ನನ್ನನ್ನು ಯಾರೂ ಗದರಿಸಿ ಬೆಳೆಸಿಲ್ಲ.

ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳೋಣವೆಂದು ನಿಶ್ಚಯಿಸಿದ ದಿನವೇ ಸಹನಾ ಬಂದಳು. ಹಾವೇರಿ ಕಡೆಯ ಹುಡುಗಿ, ಇಲ್ಲಿ ಬೀಜಗಳ ಬಗ್ಗೆ ಓದುತ್ತಾಳೆ, ವಿಜಯಾಳ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ವಿಜಯಾ ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್, ನಮ್ಮ ಕನ್ನಡ ಕೂಟದ ಸೆಕ್ರೆಟರಿ. ಬಂಗಾರದಂಥ ಹೆಂಗಸು, ಊರಿನ ಅಷ್ಟೂ ಕನ್ನಡಿಗರ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಎಂಬುದು ಆಕೆಗೆ ಗೊತ್ತಿರುತ್ತದೆ.

"ಆಂಟಿ, ನಿಮ್ಮ ಸೈಕಲ್ ಶೆಡ್ ಅರ್ಧ ತಾಸು ಕೊಡ್ತೀರೇನ್ರಿ? ಒಂದು ವಿಡಿಯೋ ಕಾಲ್ ಐತ್ರಿ."

"ಒಳಗೇ ಕೂತು ಮಾಡಮ್ಮ. ಅಲ್ಲಿ ಹೆಪ್ಪುಗಟ್ಟಿ ಹೋಗ್ತೀಯ."

"ಬ್ಯಾಡ್ರಿ ಆಂಟಿ. ಶೆಡ್ಡೇ ಬೇಷ್."

ಮೂಗು ಕೆಂಪಗೆ ಮಾಡಿಕೊಂಡು ಹೊರಗೆ ಬಂದವಳು ಎರಡು ಲೋಟ ಟೀ ಕುಡಿದ ಮೇಲೆ ವಿಷಯ ಹೇಳಿದಳು. ಕ್ಲಿನಿಕ್ಕಿನ ನರ್ಸುಗಳನ್ನೆಲ್ಲ ಕೊರೋನಾ ಟೆಸ್ಟಿಗೆ ಹಾಕಿದ್ದಾರೆ. ತೀರಾ ತುರ್ತಿನವರಿಗೆ ವಾರಕ್ಕೊಂದು ಸಂಜೆ ಬಾಗಿಲು ತೆರೆಯುತ್ತದೆ, ಉಳಿದವರಿಗೆ ವಿಡಿಯೋ. ಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೆ ಬರುತ್ತದೆ. "ಅಂಚೆ ಬಿದ್ದ ಕೂಡ್ಲೆ ವಿಜಯಕ್ಕಾನ ಒಡೀತಾರ್ರಿ. ಇದು ನಂದು, ಅದು ನಿಂದು ಅಂತ ಭೇದ ಮಾಡೂದಿಲ್ಲ ಅವ್ರು. ಆಮ್ಯಾಲೆ ಹಾವೇರಿಗೆ ಫೋನ್ ಹೋಗಾಕ ಎಷ್ಟೊತ್ತು?" ಅವಳ ತೊಂದರೆ ಏನಿತ್ತೆಂದು ನಾನಿಲ್ಲಿ ಬರೆಯುವುದಿಲ್ಲ. ಕಿಟ್ ನನ್ನ ವಿಳಾಸಕ್ಕೆ ಬಂತು ಎಂದಷ್ಟೇ ಹೇಳುತ್ತೇನೆ.

ಟೆಂಡರ್ ಹಾಕಿದ್ದವರು ಇಬ್ಬರು. ಈಗ ಕ್ಲಿನಿಕ್ ನಡೆಸುತ್ತಿರುವವರು, ಕೊರೋನಾ ಮುಗಿದ ಮೇಲೆ ಊರಿನಲ್ಲೇ ಮೊದಲಿನಂತೆ ಬಾಗಿಲು ತೆರೆಯುತ್ತೇವೆ ಎನ್ನುವವರು. ಇನ್ನೊಬ್ಬರು ದೊಡ್ಡ ಪಟ್ಟಣದವರು. ವಿಡಿಯೋ ಮತ್ತು ಅಂಚೆಯಲ್ಲೇ ಎಲ್ಲ ನಡೆಯುತ್ತದೆಂದು ಕೊರೋನಾ ತೋರಿಸಿಕೊಟ್ಟಿದೆಯಲ್ಲ, ಇನ್ನು ಶಾಶ್ವತವಾಗಿ ಹಾಗೇ ಇರಲಿ ಎನ್ನುವವರು. ಅವರು ಗೆದ್ದರೆ ನಮ್ಮೂರಿನ ಸಹನಾಗಳಿಗೆಲ್ಲ ನನ್ನ ಸೈಕಲ್ ಶೆಡ್ಡೇ ಗತಿ. ಆದ್ದರಿಂದ ನಾನು ಪ್ಯಾನೆಲ್ಲಿನಲ್ಲಿ ಉಳಿದೆ.

ಉಳಿದ ಮೇಲೆ ಜವಾಬ್ದಾರಿಯಿಂದ ಕೆಲಸ ಮಾಡಬೇಡವೇ? ಎರಡು ಕಡೆಯವರು ಬಂದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ, ನಾವು ಒಬ್ಬರನ್ನು ಆರಿಸಬೇಕು. ಇಂಥ ಕೆಲಸ ನಮ್ಮ ಸೋದರತ್ತೆಗೆ ಕರತಲಾಮಲಕವಾಗಿತ್ತು. ಮನೆಯ ಯಾವ ಹುಡುಗಿಗೆ ಸಂಬಂಧ ಬಂದರೂ, ಗಂಡಿನ ಕಡೆಯವರು ಮುಂಬಾಗಿಲಲ್ಲಿ ತೋರಿಸಿದ್ದನ್ನು ಅವರು ನಂಬುತ್ತಿರಲಿಲ್ಲ. ಹೇಳದೆ ಕೇಳದೆ ಮಟಮಟ ಮಧ್ಯಾಹ್ನ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳುತ್ತಿದ್ದರು. 'ಉಪ್ಪಿಟ್ಟು ಯಾರು ಬೇಕಾದ್ರೂ ಕೊಡ್ತಾರೆ. ನೀರು ಹೇಗೆ ಕೊಡ್ತಾರೆ ನೋಡು, ಮನೆ ಎಂಥದ್ದು ಗೊತ್ತಾಗುತ್ತೆ' ಎನ್ನುವುದು ಅವರ ಸಿದ್ಧಾಂತ. ಅವರು ಹೀಗೆ ತಪ್ಪಿಸಿದ ಮದುವೆಗಳಿಗೆ ನಮ್ಮ ವಂಶ ಇಂದಿಗೂ ಋಣಿ.

ಕ್ಲಿನಿಕ್ ತೆರೆಯುವ ಸಂಜೆ ನೋಡಿಕೊಂಡು ನಾನೂ ಹೋದೆ. ಮಾಸ್ಕ್ ಹಾಕಿದ್ದರಿಂದ ಯಾರಿಗೂ ಗುರುತು ಸಿಗದು ಎಂಬ ಧೈರ್ಯ. ಈ ಊರಿನಲ್ಲಿ ಕೋಟಿನ ಕೆಳಗೆ ಸೀರೆಯ ಹಸಿರು ಜರಿಯಂಚು ಕಾಣುವಂತೆ ಓಡಾಡುವ ಹೆಂಗಸು ನಾನೊಬ್ಬಳೇ ಎಂಬುದು ಹೊಳೆಯಲಿಲ್ಲ. ಕ್ಲಿನಿಕ್ಕಿನಲ್ಲಿ ದೂರದೂರ ಹಾಕಿದ ಕುರ್ಚಿಗಳಲ್ಲಿ ಮೂರ್ನಾಲ್ಕು ಹುಡುಗ ಹುಡುಗಿಯರು ಮೊಬೈಲಿನೊಳಗೆ ಮುಖ ಹುದುಗಿಸಿ ಕೂತಿದ್ದರು. ನನ್ನನ್ನು ಕಂಡು ಒಬ್ಬ ಗಾಬರಿಯಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವನಿಗೆ ಅವನ ಅಜ್ಜಿ ನೆನಪಾಗಿರಬೇಕು, ಪಾಪ, ಅಂಥ ಜಾಗದಲ್ಲಿ. ನರ್ಸ್ ಬಂದಳು. ನೀರು ಕೇಳಿದೆ. ಕೊರೋನಾದಿಂದಾಗಿ ನೀರಿನ ಮೆಷಿನ್ ಬಂದ್ ಆಗಿತ್ತು. ಆಕೆ ಒಳಗೆ ಹೋಗಿ, ಪೇಪರ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು ತಂದುಕೊಟ್ಟು, "ನಿಧಾನವಾಗಿ ಕುಡಿಯಿರಿ ಮೇಡಂ, ಇಲ್ಲಿ ಯಾರಿಗೂ ಅವಸರವಿಲ್ಲ" ಎಂದಳು. ಏಕೆ ಬಂದಿರಿ ಎಂದು ಕೇಳಲೇ ಇಲ್ಲ. ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟು ಮನೆಗೆ ಬಂದೆ.

ಮರುವಾರ ವಿಡಿಯೋದಲ್ಲಿ ಸಂದರ್ಶನ. ಮೊದಲನೆಯವರ ಪರವಾಗಿ ತೆರೆಯ ಮೇಲೆ ಬಂದದ್ದು ಅದೇ ನರ್ಸ್. ನನ್ನ ಸೆರಗು ಕಂಡಿತೋ ಏನೋ, ಮುಖ ಅರಳಿತು. "ಓ, ಮೇಡಂ, ಆ ದಿನ ಆಮೇಲೆ ಹುಷಾರಾದಿರಾ?"

ಮರೈಕೆಯ ಚೌಕದಲ್ಲಿ ಮುಖ ಸ್ತಬ್ಧವಾಯಿತು. ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡೆ. ಅಲ್ಲ. ಸಂದರ್ಶನ ನಿಲ್ಲಿಸಿ ಆಕೆ ನನಗೆ ಬೇರೆಯಾಗಿ ಫೋನ್ ಮಾಡಿದಳು. ಟೆಂಡರ್ ಹಾಕಿದವರನ್ನು ಪ್ಯಾನೆಲ್ಲಿನವರು ಖಾಸಗಿಯಾಗಿ ಭೇಟಿಯಾಗುವಂತಿಲ್ಲವಂತೆ.

"ನೋಡದೆ ಹೇಗೆ ಕೊಡೋದು?" ಎಂದೆ.

"ನಾವು ಏನನ್ನೂ ಕೊಡುತ್ತಿಲ್ಲ, ಸೇವೆ ಖರೀದಿಸುತ್ತಿದ್ದೇವೆ," ಎಂದಳು ಮರೈಕೆ, ಬಹಳ ಮೃದುವಾಗಿ. ಅಲ್ಲಿಗೆ ನಾನು ಪ್ಯಾನೆಲ್ಲಿನಿಂದ ಹೊರಗೆ. ಪುಣ್ಯಕ್ಕೆ ಆ ನರ್ಸಿನ ಕಡೆಯವರ ಟೆಂಡರಿಗೆ ಧಕ್ಕೆಯಾಗಲಿಲ್ಲ. ಆದರೆ ಉಳಿದಿಬ್ಬರಲ್ಲಿ ಮೇಷ್ಟರಿಗೆ ಕಂಪ್ಯೂಟರಿನ ಮೇಲೆ ಹೊಸ ಪ್ರೀತಿ, ಹುಡುಗಿಗೆ ಯಾವುದಾದರೂ ಸರಿ. ಸಹನಾಳಿಗೆ ಬಾಗಿಲು ಉಳಿಸಲು ಹೋಗಿ ನಾನೇ ಅದಕ್ಕೆ ಬೀಗ ಹಾಕಿ ಬಂದಂತಾಯಿತು. ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ಮರೈಕೆಯೇ ದಾರಿ ತೋರಿಸಿದಳು. ಕೊನೆಯ ತೀರ್ಮಾನ ಕೌನ್ಸಿಲ್ ಸಮಿತಿಯದು. ಅಲ್ಲಿ ಯಾವ ನಾಗರಿಕರು ಬೇಕಾದರೂ ಐದು ನಿಮಿಷ ಮಾತಾಡಬಹುದು. ಸಭೆ ವಿಡಿಯೋದಲ್ಲೇ ನಡೆಯುತ್ತದೆ. "ಒಂದೇ ವಿಷಯ," ಎಂದಳು, "ಅದು ಲೈವ್. ಇಡೀ ಊರು ನೋಡಬಹುದು."

ಊರಿನ ಮಾತಿರಲಿ. ಅಜೆಂಡಾದಲ್ಲಿ ನನ್ನ ಹೆಸರು ಕಂಡ ವಿಜಯಾ ಕೂಟದ ಗ್ರೂಪಿಗೆ ಸಂದೇಶ ಹಾಕಿದಳು: 'ನಮ್ಮ ಆಂಟಿ ಖೆಮೇಂತೆಲಿ ಮಾತಾಡ್ತಾರೆ. ಸೀನಿಯರ್ಸ್ ಪ್ರಾಬ್ಲಮ್ಸ್ ಬಗ್ಗೆ ಇರ್ಬೇಕು. ಎಲ್ರೂ ಮಿಸ್ ಮಾಡ್ದೆ ನೋಡಿ.'

ನೋಡಿದರು. ನಾನು ಹೇಳಿದೆ: ತೆಳು ಗೋಡೆಯ ಬಾಡಿಗೆ ಕೋಣೆಯಲ್ಲಿ ಕೂತು ಇಂಥ ಮಾತನ್ನು ವಿಡಿಯೋದಲ್ಲಿ ಆಡಲಾಗದು, ಅಂಚೆ ಯಾರ ಕೈಗೆ ಬೀಳುತ್ತದೋ ಗೊತ್ತಿರದು, ತಟ್ಟಲು ಒಂದು ಬಾಗಿಲು ಬೇಕು, ಒಳಗೆ ಪ್ರಶ್ನೆ ಕೇಳದೆ ನೀರು ಕೊಡುವವರು ಬೇಕು. ಚೆನ್ನಾಗಿಯೇ ಹೋಗುತ್ತಿತ್ತು. ಆಗ ಕನ್ನಡಕದ ಸದಸ್ಯನೊಬ್ಬ ಮೈಕ್ ಆನ್ ಮಾಡಿದ.

"ಮೇಡಂ, ಇದು ನಿಮ್ಮ ಊಹೆಯೋ? ಅಥವಾ ನಿಮಗೆ ಪರಿಚಯದ ಯಾರಿಗಾದರೂ ನಿಜವಾಗಿ ಆದದ್ದೋ?"

ಊಹೆ ಎಂದರೆ ಮಾತೆಲ್ಲ ನೀರಿನಲ್ಲಿ ಹೋಮ. ಪರಿಚಯದ ಹುಡುಗಿಯೊಬ್ಬಳು ಎಂದರೆ, ನನಗೆ ಪರಿಚಯದ ಹುಡುಗಿ ಯಾರೆಂದು ವಿಜಯಾ ಅಲ್ಲೇ ಕೂತಲ್ಲೇ ಲೆಕ್ಕ ಹಾಕುತ್ತಾಳೆ. ಸಭೆ ಮುಗಿಯುವುದರೊಳಗೆ ಹಾವೇರಿಗೆ ಫೋನ್ ಹೋಗುತ್ತದೆ. ನಾನು ಕಣ್ಣು ಮುಚ್ಚಿ, ಸ್ಪಷ್ಟ ಡಚ್ಚಿನಲ್ಲಿ ಹೇಳಿದೆ:

"ನನಗೇ. ಆ ಕ್ಲಿನಿಕ್ಕಿಗೆ ಹೋಗಿದ್ದವಳು ನಾನೇ."

ಕನ್ನಡಕದವನು ಥ್ಯಾಂಕ್ಸ್ ಹೇಳಿ ಮೈಕ್ ಆಫ್ ಮಾಡಿದ.

ಸೇವೆ ಯಾರೇ ನಡೆಸಲಿ, ಊರಿನಲ್ಲಿ ಬಾಗಿಲು ತೆರೆದಿರಲೇಬೇಕು ಎಂದು ಸಮಿತಿ ಷರತ್ತು ಹಾಕಿತು. ದೊಡ್ಡ ಪಟ್ಟಣದವರು ಹಿಂದೆ ಸರಿದರು. ಸಹನಾ ಬಂದು ನನ್ನ ಪಕ್ಕದಲ್ಲಿ ಕೂತು ಒಂದು ತಾಸು ಅವರೆಕಾಳು ಹಿತುಕಿಕೊಟ್ಟಳು.

ಉಳಿದವರಿಗೆ ನಾನು ಗುಪ್ತರೋಗಿಯಾದೆ. ವಿಜಯಾ ಫೋನ್ ಮಾಡಿ, "ಆಂಟಿ, ಆರಾಮಾ? ಸುಮ್ನೆ ಕೇಳ್ದೆ ಅಷ್ಟೆ. ಟ್ಯಾಬ್ಲೆಟ್ಸ್ ಎಲ್ಲ ಟೈಮ್‌ಗೆ ತಗೋತಿದ್ದೀರಾ? ಈ ಸಲ ಯುಗಾದಿಗೆ ನೀವು ಒಬ್ಬಟ್ಟು ಮಾಡೋದು ಬೇಡ, ರೆಸ್ಟ್ ತಗೊಳ್ಳಿ" ಎಂದಳು. ಸರ್ಕಾರ ಒಂದೂವರೆ ಮೀಟರ್ ಅಂತರದ ನಿಯಮವನ್ನು ತೆಗೆದ ಮೇಲೂ ಕೂಟದವರು ನನ್ನೊಬ್ಬಳ ವಿಷಯದಲ್ಲಿ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ನಾನು ಯಾರಿಗೂ ನಿಜ ಹೇಳಿಲ್ಲ, ಹೇಳುವಂತೆಯೂ ಇಲ್ಲ. ಸಹನಾಳ ಊರು, ಹೆಸರು, ಓದು, ಬಾಡಿಗೆಯ ಮನೆ, ಎಲ್ಲವನ್ನೂ ಇಲ್ಲಿ ಬದಲಿಸಿಯೇ ಬರೆದಿದ್ದೇನೆ. ಒಬ್ಬಟ್ಟು ತಪ್ಪಿದ್ದಕ್ಕೂ ಬೇಸರವಿಲ್ಲ, ಭುಜಕ್ಕೆ ಒಳ್ಳೆಯದೇ ಆಯಿತು. ಒಂದೇ ಒಂದು ಮಾತು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಇಷ್ಟು ಜನ ನೋಡಿದರು, ಇಷ್ಟು ಜನ ನಂಬಿದರು, ಎಷ್ಟೋ ಮನೆಗಳಲ್ಲಿ ಚರ್ಚೆಯಾಯಿತಂತೆ. ಆದರೆ 'ಯಾರಿಂದ?' ಎಂದು ಒಬ್ಬರಾದರೂ ಕೇಳಬೇಡವೇ?